ಕೈ ತಡೆದ ದಂಡನಾಯಕ

ಕೊಡಗಿನಲ್ಲಿ ಕೈಲ್ ಮುಹೂರ್ತವೆಂಬ ಹಬ್ಬವೊಂದಿದೆ. ಗದ್ದೆಯ ನಾಟಿಯೆಲ್ಲ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬರುವ ಹಬ್ಬ. ಅಂದು ಮನೆಯ ಕೋವಿಗಳನ್ನು ಒರೆಸಿ, ತೋಕ್ ಪೂ ಎಂಬ ಹೂವನ್ನು ನಳಿಗೆಗೆ ಮುಡಿಸಿ ಪೂಜಿಸುತ್ತಾರೆ. ಹೊರಗಿನವರಾದ ನಮ್ಮ ಕಣ್ಣಿಗೆ ಬೀಳುವುದು ಈ ಆಯುಧಪೂಜೆಯಷ್ಟೆ. ಆದರೆ ಪೂಜೆಗೆ ಹಿನ್ನೆಲೆಯಾಗಿ ಇನ್ನೊಂದು ಪದ್ಧತಿಯಿತ್ತು. ಹಿಂದಿನ ಕಾಲದಲ್ಲಿ ಬೇಸಾಯದ ದಿನಗಳು ಬಂದೊಡನೆ ಕೋವಿಗಳನ್ನು ಐನ್‌ಮನೆಯ ಕನ್ನಿಕೊಂಬರೆಯಲ್ಲಿ, ಎಂದರೆ ದೇವರ ಕೋಣೆಯಲ್ಲಿ, ಇಟ್ಟುಬಿಡುತ್ತಿದ್ದರು. ನಾಟಿ ಮುಗಿದು ಹಬ್ಬ ಬರುವವರೆಗೆ ಅವುಗಳಿಗೆ ಅಲ್ಲಿಯೇ ವಾಸ. ಕೋವಿಯನ್ನು ಎತ್ತಿಕೊಳ್ಳುವುದಕ್ಕೆ ಒಂದು ಮುಹೂರ್ತವಿರುವಂತೆ ಅದನ್ನು ಕೆಳಗಿಡುವುದಕ್ಕೂ ಒಂದು ಕಾಲವುಂಟೆಂದು ತಿಳಿದ ನಾಡು ಅದು.

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಜೀವನವನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಈ ಪದ್ಧತಿಯ ನೆನಪಾಗುತ್ತದೆ. ಸೇನಾಪತಿಗಳ ಚರಿತ್ರೆಯನ್ನು ಬರೆಯುವವರು ಅವರು ಗೆದ್ದ ಕದನಗಳನ್ನು ಎಣಿಸುವುದು ವಾಡಿಕೆ. ತಿಮ್ಮಯ್ಯನವರ ಲೆಕ್ಕದಲ್ಲಿಯೂ ಅಂಥ ಕದನಗಳಿಗೆ ಕೊರತೆಯಿಲ್ಲ. ಆದರೆ ಅವರ ಪಾಲಿಗೆ ಬಂದ ಅತ್ಯಂತ ಕಠಿನವಾದ ಕೆಲಸಗಳು ಬೇರೆಯೇ ಜಾತಿಯವು. ಕೈಯಲ್ಲಿ ಬಲವಿದ್ದೂ ಅದನ್ನು ಬಳಸದೆ ನಿಲ್ಲಬೇಕಾದ ಕೆಲಸಗಳು ಅವು. ಅವುಗಳನ್ನು ಅವರು ಹೇಗೆ ನಿರ್ವಹಿಸಿದರು, ಎಲ್ಲಿ ಗೆದ್ದರು, ಎಲ್ಲಿ ಗೆಲುವೋ ಸೋಲೋ ಎಂದು ಹೇಳಲಾಗದ ಸ್ಥಿತಿಯಲ್ಲಿ ನಿಂತರು ಎಂಬುದನ್ನು ವಿಚಾರಿಸುವುದು ಈ ಭಾಷಣದ ಉದ್ದೇಶ.

ತಿಮ್ಮಯ್ಯನವರು ಹುಟ್ಟಿದುದು 1906ರ ಮಾರ್ಚ್ ತಿಂಗಳಲ್ಲಿ, ಮಡಿಕೇರಿಯಲ್ಲಿ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರದೂ ಇದೇ ಕೊಡಂದೇರ ಮನೆತನ. ತಾಯಿ ಸೀತಮ್ಮನವರು ಸಮಾಜಸೇವೆಯಲ್ಲಿ ಹೆಸರಾದವರು. ಬಾಲಕನನ್ನು ಕೂನೂರಿನ ಸೇಂಟ್ ಜೋಸೆಫ್ ಶಾಲೆಗೂ ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೂ ಕಳುಹಿಸಿದರು. ಅಲ್ಲಿಂದ ಡೆಹರಾಡೂನಿನ ಸೈನಿಕ ವಿದ್ಯಾಲಯ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರ ಫೆಬ್ರವರಿಯಲ್ಲಿ ಅಧಿಕಾರಿಯಾಗಿ ಹೊರಬಂದ ತರುಣ ಬೆಂಗಳೂರಿನಲ್ಲಿದ್ದ ಸ್ಕಾಟಿಷ್ ಪಡೆಯೊಂದರಲ್ಲಿ ಕೆಲಕಾಲವಿದ್ದು, ಬಳಿಕ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ನನ್ನು ಸೇರಿದರು. ಇಂದು ಕುಮಾವ್ ರೆಜಿಮೆಂಟ್ ಎಂದು ಪ್ರಸಿದ್ಧವಾಗಿರುವುದು ಅದೇ.

ಬ್ರಿಟಿಷರ ಸಮವಸ್ತ್ರವನ್ನು ತೊಟ್ಟ ಭಾರತೀಯನ ಮನಸ್ಸು ಆ ಕಾಲದಲ್ಲಿ ನೆಮ್ಮದಿಯಾಗಿರುವುದು ಸಾಧ್ಯವಿರಲಿಲ್ಲ. ತಿಮ್ಮಯ್ಯನವರ ಪಡೆ ಅಲಹಾಬಾದಿನಲ್ಲಿದ್ದಾಗ ಅವರಿಗೆ ಮೋತಿಲಾಲ್ ನೆಹರೂ ಅವರ ಪರಿಚಯವಾಯಿತು. ಈ ಬ್ರಿಟಿಷ್ ಉಡುಪನ್ನು ತೊಟ್ಟರೆ ಹೇಗನಿಸುತ್ತದೆ ಎಂದು ಆ ಹಿರಿಯರು ಕೇಳಿದುದಕ್ಕೆ ತರುಣ ಅಧಿಕಾರಿ 'ಸೆಕೆಯಾಗುತ್ತದೆ' ಎಂದನಂತೆ. ಮಾತು ನಗೆಯದು, ಅದರೊಳಗಿನ ಬೇಗೆ ನಗೆಯದಲ್ಲ. ರಾಜೀನಾಮೆ ಕೊಟ್ಟು ಹೊರಬರುವ ಯೋಚನೆ ಅವರನ್ನು ಕಾಡಿತು. ಬಿಡಬೇಡ, ಸ್ವಾತಂತ್ರ್ಯ ಬಂದ ದಿನ ನಮಗೆ ನಮ್ಮದೇ ಸೇನೆ ಬೇಕಾಗುತ್ತದೆ, ಅದನ್ನು ನಡೆಸಬಲ್ಲವರು ಬೇಕಾಗುತ್ತಾರೆ ಎಂಬ ಅರ್ಥದ ಬುದ್ಧಿವಾದ ಮೋತಿಲಾಲರಿಂದ ಬಂದಿತೆಂದು ತಿಮ್ಮಯ್ಯನವರ ಜೀವನಕಥೆ ತಿಳಿಸುತ್ತದೆ. ಬಿಟ್ಟುಹೋಗುವುದು ಸುಲಭವಾಗಿದ್ದಾಗ ನಿಂತು ಸಹಿಸುವ ಪಾಠವನ್ನು ಅವರು ಕಲಿತುದು ಅಲ್ಲಿ. ಮುಂದೆ ಒಂದು ದಿನ ಈ ಪಾಠ ಅವರನ್ನು ಮತ್ತೆ ಪರೀಕ್ಷಿಸಲಿತ್ತು.

1935ರಲ್ಲಿ ಅವರಿಗೆ ಕೊಡಗಿನ ನೀನಾ ಅವರೊಡನೆ ವಿವಾಹವಾಯಿತು. ದಂಪತಿಗಳು ಕ್ವೆಟ್ಟಾ ನಗರಕ್ಕೆ ಹೋಗಿ ನೆಲೆಸಿದ ಕೆಲವೇ ತಿಂಗಳಲ್ಲಿ, ಮೇ 31ರ ನಸುಕಿನಲ್ಲಿ, ಆ ನಗರವನ್ನು ನೆಲಸಮಮಾಡಿದ ಭೂಕಂಪ ಸಂಭವಿಸಿತು. ಗಂಡಹೆಂಡಿರಿಬ್ಬರೂ ಪರಿಹಾರಕಾರ್ಯದಲ್ಲಿ ದುಡಿದರು. ನೀನಾ ಅವರ ಸೇವೆಗೆ ಸರ್ಕಾರದ ಕೈಸರ್-ಎ-ಹಿಂದ್ ಪದಕ ಸಂದಿತು.

ಎರಡನೆಯ ಮಹಾಯುದ್ಧ ಬಂದಾಗ ಕೊಡಂದೇರ ಮನೆ ಎರಡು ಪಡೆಗಳಲ್ಲಿ ಹಂಚಿಹೋಯಿತು. ತಿಮ್ಮಯ್ಯನವರು ಕೆಲಕಾಲ ಸಿಂಗಪುರದಲ್ಲಿದ್ದು, ಅದು ಜಪಾನೀಯರ ವಶವಾಗುವ ಮೊದಲೇ ಭಾರತಕ್ಕೆ ಮರಳಿದ್ದರು. ಅವರ ಅಣ್ಣ ಪೊನ್ನಪ್ಪನವರು ಅಲ್ಲಿ ಸೆರೆಸಿಕ್ಕಿ, ಮುಂದೆ ಆಜಾದ್ ಹಿಂದ್ ಫೌಜನ್ನು ಸೇರಿದರು. ಹೀಗೆ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಬರ್ಮಾದ ರಣರಂಗದ ಈಚೆಗೂ ಇನ್ನೊಬ್ಬನು ಆಚೆಯ ಪಕ್ಷಕ್ಕೂ ಸೇರಿದವರಾದರು. ಇಬ್ಬರೂ ದೇಶವನ್ನು ಪ್ರೀತಿಸಿದವರೇ. ಎದುರಿಗೆ ನಿಂತವನೂ ನನ್ನಂತೆಯೇ ಯಾವುದೋ ನಂಬಿಕೆಯಿಂದ ನಿಂತಿರಬಹುದು ಎಂಬ ತಿಳಿವಳಿಕೆ ಇಂಥ ಮನೆಯವನಿಗೆ ಪುಸ್ತಕದಿಂದ ಬರಬೇಕಾಗಿಲ್ಲ.

ಅರಕಾನಿನ ಕರಾವಳಿಯಲ್ಲಿ ತಿಮ್ಮಯ್ಯನವರು ತಮ್ಮ ರೆಜಿಮೆಂಟಿನ ಎಂಟನೆಯ ಬೆಟಾಲಿಯನ್ನಿನ ನಾಯಕತ್ವವನ್ನು ವಹಿಸಿದ್ದರು. 1945ರ ಜನವರಿಯಲ್ಲಿ ಕಂಗಾವ್ ಎಂಬಲ್ಲಿ ನಡೆದ ಘೋರ ಕಾಳಗದಲ್ಲಿ ಒಂದು ವಿಶೇಷವಿತ್ತು. ಅಲ್ಲಿ ಹೋರಾಡಿದ 51ನೆಯ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ಥೋರಾಟ್ ಮತ್ತು ಸೇನ್. ಭಾರತೀಯರು ಒಳ್ಳೆಯ ಸಿಪಾಯಿಗಳಾಗಬಲ್ಲರೇ ಹೊರತು ನಾಯಕರಾಗಲಾರರು ಎಂಬ ಹಳೆಯ ಮಾತಿಗೆ ಆ ಮೂವರು ರಣರಂಗದಲ್ಲಿಯೇ ಉತ್ತರ ಕೊಟ್ಟರು. ಮೂವರಿಗೂ ಡಿ.ಎಸ್.ಒ. ಎಂಬ ಶೌರ್ಯಪದಕ ದೊರೆಯಿತು. ಯುದ್ಧ ಮುಗಿಯುವ ಮುನ್ನವೇ ತಿಮ್ಮಯ್ಯನವರಿಗೆ ಬ್ರಿಗೇಡೊಂದರ ಅಧಿಪತ್ಯ ಬಂದಿತು. ಸಿಂಗಪುರದಲ್ಲಿ ಜಪಾನೀ ಸೇನೆ ಶರಣಾಗತವಾದಾಗ ಆ ಸಮಾರಂಭದಲ್ಲಿ ಅವರು ಹಾಜರಿದ್ದರು. ಸೋತ ಜಪಾನಿನಲ್ಲಿ ನೆಲೆನಿಂತ ಭಾರತೀಯ ಬ್ರಿಗೇಡನ್ನೂ ಅವರು ನಡೆಸಿದರು.

ಅಲ್ಲಿಂದ ಮರಳಿದವರಿಗೆ ತಾಯ್ನಾಡಿನಲ್ಲಿ ಕಾದಿದ್ದುದು 1947ರ ಪಂಜಾಬು. ದೇಶ ಎರಡಾಗುವ ಹೊತ್ತಿಗೆ ಹನ್ನೆರಡು ಜಿಲ್ಲೆಗಳಲ್ಲಿ ಶಾಂತಿಯನ್ನು ಕಾಪಾಡಲೆಂದು ಆಗಸ್ಟ್ 1ರಂದು ಗಡಿರಕ್ಷಣಾ ಪಡೆಯೊಂದನ್ನು ನಿಯೋಜಿಸಿದರು. ಅದರ ನಾಯಕ ಮೇಜರ್ ಜನರಲ್ ರೀಸ್ ಎಂಬ ಬ್ರಿಟಿಷ್ ಅಧಿಕಾರಿ. ಎರಡೂ ಕಡೆಯ ಹಿರಿಯ ಅಧಿಕಾರಿಗಳು ಆತನಿಗೆ ಸಲಹೆಗಾರರು. ಭಾರತದ ಪರವಾಗಿ ಇದ್ದವರಲ್ಲಿ ಒಬ್ಬರು ತಿಮ್ಮಯ್ಯ. ಪಾಕಿಸ್ತಾನದ ಪರವಾಗಿ ಇದ್ದವರಲ್ಲಿ ಒಬ್ಬರು ಅಯೂಬ್ ಖಾನ್. ಈ ಎರಡು ಹೆಸರುಗಳು ಜೊತೆಯಾಗಿ ಬಂದುದನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಆ ಪಡೆ ಒಂದು ತಿಂಗಳು ಬದುಕಿತು. ಊರಿಗೆ ಊರೇ ಹೊತ್ತಿ ಉರಿಯುತ್ತಿರುವಾಗ ಕೆಲವು ಸಾವಿರ ಸೈನಿಕರು ಎಷ್ಟನ್ನು ಆರಿಸಬಲ್ಲರು? ಪಡೆಯನ್ನು ವಿಸರ್ಜಿಸಿದ ಮೇಲೆ ತಿಮ್ಮಯ್ಯನವರು ಮೇಜರ್ ಜನರಲ್ ಆಗಿ ಪೂರ್ವ ಪಂಜಾಬಿನಲ್ಲಿಯೇ ನಿಂತು, ನಿರಾಶ್ರಿತರನ್ನು ಕಾಪಾಡಿ ದಾಟಿಸುವ ಕೆಲಸದ ಹೊಣೆ ಹೊತ್ತರು. ಗೆದ್ದ ಸೈನ್ಯವೊಂದರ ಅಧಿಕಾರಿಗೆ, ತನ್ನ ಜನರೇ ತನ್ನ ಜನರನ್ನು ಕೊಲ್ಲುವುದನ್ನು ನೋಡುವುದಕ್ಕಿಂತ ದೊಡ್ಡ ಸೋಲು ಯಾವುದಿದ್ದೀತು?

1948ರ ಮೇ ತಿಂಗಳಲ್ಲಿ ಅವರು ಕಾಶ್ಮೀರ ಕಣಿವೆಯ ಸೇನಾವಿಭಾಗದ ಅಧಿಪತಿಯಾದರು. ಆಗ ಲಡಾಖಿನ ರಾಜಧಾನಿ ಲೇಹ್ ಅಪಾಯದಲ್ಲಿತ್ತು. ದಾರಿಗಳು ವೈರಿಗಳ ಕೈಯಲ್ಲಿದ್ದವು. ಉಳಿದ ಉಪಾಯವೆಂದರೆ ವಿಮಾನ. ಹತ್ತು ಸಾವಿರ ಅಡಿಗೂ ಎತ್ತರದಲ್ಲಿ, ಸಿಂಧೂ ನದಿಯ ಬಳಿ ಅವಸರದಿಂದ ಹಸನುಮಾಡಿದ ನೆಲದ ಮೇಲೆ ವಿಮಾನ ಇಳಿಯಬಹುದೇ ಎಂಬುದನ್ನು ಇಳಿದೇ ತಿಳಿಯಬೇಕಾಗಿತ್ತು. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗರು ಮೊದಲ ಡಕೋಟಾವನ್ನು ಅಲ್ಲಿ ಇಳಿಸಿದರು. ಅದರಲ್ಲಿ ಪ್ರಯಾಣಿಕರಾಗಿ ಕುಳಿತಿದ್ದವರು ಸ್ವತಃ ತಿಮ್ಮಯ್ಯನವರು. ಸಿಪಾಯಿಗಳನ್ನು ಕಳುಹಿಸಬೇಕಾದ ಕಡೆಗೆ ತಾವು ಮೊದಲು ಹೋಗುವುದು ಅವರ ರೀತಿ.

ವಿಮಾನದಿಂದ ಲೇಹ್ ಸದ್ಯಕ್ಕೆ ಉಳಿಯಿತು. ನೆಲದ ದಾರಿ ತೆರೆಯದೆ ಚಳಿಗಾಲವನ್ನು ಕಳೆಯುವುದು ಅಸಾಧ್ಯವಾಗಿತ್ತು. ಆ ದಾರಿಗೆ ಬಾಗಿಲು ಜೋಜಿ ಲಾ ಕಣಿವೆ, ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರ. ಎರಡು ಬದಿಯ ಬಂಡೆಗಳಲ್ಲಿ ವೈರಿಯ ಮೆಷಿನ್‌ಗನ್ನುಗಳು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ದಾಳಿ ವಿಫಲವಾಯಿತು. ಇನ್ನು ಕೆಲವೇ ವಾರಗಳಲ್ಲಿ ಹಿಮ ಬಿದ್ದು ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವುದು ನಿಶ್ಚಯವಾಗಿತ್ತು. ಆಗ ತಿಮ್ಮಯ್ಯನವರು ಟ್ಯಾಂಕುಗಳನ್ನು ತರಲು ನಿರ್ಧರಿಸಿದರು. ಅಷ್ಟು ಎತ್ತರದಲ್ಲಿ ಯಾರೂ ಟ್ಯಾಂಕುಗಳಿಂದ ಯುದ್ಧ ಮಾಡಿರಲಿಲ್ಲ. ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಫಿರಂಗಿಗೂಡುಗಳನ್ನು ಕಳಚಿ, ಹಗುರಮಾಡಿ, ದುರ್ಬಲವಾದ ಸೇತುವೆಗಳ ಮೇಲೆ ಗುಟ್ಟಾಗಿ ಸಾಗಿಸಿದರು. ಬಾಲ್ತಾಲಿನಿಂದ ಮೇಲಕ್ಕೆ ಹೇಸರಗತ್ತೆಗಳ ಹಾದಿಯನ್ನು ಅಗಲಿಸಿ ಟ್ಯಾಂಕಿನ ದಾರಿಮಾಡಿದವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಬೆಂಗಳೂರನ್ನು ಕೇಂದ್ರವಾಗಿ ಉಳ್ಳ ಪಡೆ ಅದು. 1948ರ ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಮುಂದಿನ ಟ್ಯಾಂಕಿನಲ್ಲಿಯೇ ಮೇಜರ್ ಜನರಲ್ ತಿಮ್ಮಯ್ಯನವರಿದ್ದರು. ವೈರಿ ದಿಗ್ಭ್ರಾಂತನಾದ. ನವೆಂಬರ್ ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್‌ಗಳು ಕೈಸೇರಿ ಲೇಹಿನ ದಾರಿ ತೆರೆಯಿತು.

ಇಲ್ಲಿಗೇ ಕಥೆಯನ್ನು ನಿಲ್ಲಿಸಿದ್ದರೂ ತಿಮ್ಮಯ್ಯನವರು ಯುದ್ಧಚರಿತ್ರೆಯಲ್ಲಿ ಉಳಿಯುತ್ತಿದ್ದರು. ಮಹಾಭಾರತದಲ್ಲಿ ಯುದ್ಧಪರ್ವಗಳು ಮುಗಿದ ಮೇಲೆ ಶಾಂತಿಪರ್ವ ಬರುತ್ತದೆ. ಅದು ಯುದ್ಧಪರ್ವಗಳಿಗಿಂತ ದೀರ್ಘವೂ ದುರ್ಗಮವೂ ಆಗಿದೆ. ತಿಮ್ಮಯ್ಯನವರ ಶಾಂತಿಪರ್ವ ಆರಂಭವಾದುದು 1953ರಲ್ಲಿ, ಕೊರಿಯದಲ್ಲಿ.

ಕೊರಿಯದ ಯುದ್ಧ ನಿಲ್ಲುವುದಕ್ಕೆ ಕೊನೆಯ ಅಡ್ಡಿಯಾಗಿದ್ದುದು ಸೆರೆಯಾಳುಗಳ ಪ್ರಶ್ನೆ. ಯುದ್ಧ ಮುಗಿದ ಮೇಲೆ ಸೆರೆಯಾಳುಗಳನ್ನು ಅವರವರ ದೇಶಕ್ಕೆ ಒಪ್ಪಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಆದರೆ ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ಚೀನೀಯರಲ್ಲಿ ಮತ್ತು ಉತ್ತರ ಕೊರಿಯನ್ನರಲ್ಲಿ ಸಾವಿರಾರು ಮಂದಿ ತಾವು ಹಿಂದಿರುಗುವುದಿಲ್ಲವೆಂದರು. ಅದು ಅವರ ಸ್ವಂತ ಇಚ್ಛೆಯೆಂದು ಒಂದು ಪಕ್ಷ. ಬೆದರಿಸಿ ಹೇಳಿಸಿದ ಮಾತೆಂದು ಇನ್ನೊಂದು ಪಕ್ಷ. ಈ ಒಂದು ಪ್ರಶ್ನೆಯ ಮೇಲೆ ಸಂಧಾನ ತಿಂಗಳುಗಟ್ಟಲೆ ಕುಂಟಿತು. ಅಷ್ಟು ತಿಂಗಳೂ ರಣರಂಗದಲ್ಲಿ ಜನ ಸಾಯುತ್ತಿದ್ದರು. 1952ರ ಕೊನೆಯಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಪರವಾಗಿ ವಿ.ಕೆ. ಕೃಷ್ಣ ಮೆನನ್ ಅವರು ಒಂದು ಸೂತ್ರವನ್ನು ಮಂಡಿಸಿದರು: ತಟಸ್ಥ ರಾಷ್ಟ್ರಗಳ ಆಯೋಗವೊಂದು ಈ ಸೆರೆಯಾಳುಗಳನ್ನು ವಹಿಸಿಕೊಂಡು ಅವರ ನಿಜವಾದ ಇಚ್ಛೆಯನ್ನು ತಿಳಿಯಲಿ. ಹಲವು ತಿದ್ದುಪಡಿಗಳ ಬಳಿಕ ಒಪ್ಪಂದಕ್ಕೆ ಆಧಾರವಾದುದು ಈ ಬಗೆಯ ಏರ್ಪಾಡೇ. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯ, ಭಾರತ ಎಂಬ ಐದು ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರು. ಸೆರೆಯಾಳುಗಳನ್ನು ಕಾಯಲು ಭಾರತದಿಂದ ಹೋದ ಪಡೆಗೆ ಕಂಗಾವಿನ ಹಳೆಯ ಗೆಳೆಯ ಥೋರಾಟರು ನಾಯಕರು.

ಮೊದಲ ಹೆಜ್ಜೆಯಲ್ಲಿಯೇ ಅವಮಾನ ಕಾದಿತ್ತು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ಅವರು ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಬಾರದೆಂದರು. ಆದುದರಿಂದ ನಮ್ಮ ಸೈನಿಕರನ್ನು ಇಂಚೋನ್ ಬಂದರಿನ ಕಡೆಯಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿಕೊಂಡು ಹೋಗಿ ಎರಡು ಕೊರಿಯಗಳ ನಡುವಣ ಸೈನ್ಯರಹಿತ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಡೇರೆಗಳ ಊರಿಗೆ ಹಿಂದ್ ನಗರವೆಂಬ ಹೆಸರು. ಸೆಪ್ಟೆಂಬರಿನಲ್ಲಿ ಅವರ ವಶಕ್ಕೆ ಬಂದ ಸೆರೆಯಾಳುಗಳು ದಕ್ಷಿಣದ ಕಡೆಯಿಂದ 22,600ಕ್ಕೂ ಹೆಚ್ಚು. ಉತ್ತರದ ಕಡೆಯಿಂದ 359. ಉತ್ತರದವರಲ್ಲಿ ತಾಯ್ನಾಡಿಗೆ ಮರಳಲೊಲ್ಲದ 23 ಮಂದಿ ಅಮೆರಿಕನ್ನರೂ ಇದ್ದರು. ಸೆರೆಯಾಳುಗಳನ್ನು ಕಾಯುತ್ತಿದ್ದ ನಮ್ಮವರ ಸಂಖ್ಯೆ ಸುಮಾರು ಆರು ಸಾವಿರ ಮಾತ್ರ.

ಮುಳ್ಳುತಂತಿಯ ಆವರಣಗಳೊಳಗೆ ಬೇರೊಂದು ರಾಜ್ಯವೇ ನಡೆದಿತ್ತು. ಮೈಮೇಲೆ ಘೋಷಣೆಗಳನ್ನು ಹಚ್ಚೆ ಹೊಯ್ಯಿಸಿಕೊಂಡ ಸೆರೆಯಾಳುಗಳು. ಅವರ ಮೇಲೆ ಹಿಡಿತ ಸಾಧಿಸಿದ್ದ ಮುಖಂಡರು. ಮನೆಗೆ ಮರಳುತ್ತೇನೆಂದು ಬಾಯಿಬಿಟ್ಟವನಿಗೆ ಹೊಡೆತ, ಕೆಲವೊಮ್ಮೆ ಸಾವು. ಕಾವಲಿದ್ದ ಭಾರತೀಯರ ಮೇಲೆ ಕಲ್ಲುಗಳೂ ಬೈಗುಳಗಳೂ ಬೀಳುತ್ತಿದ್ದವು. ಸೆಪ್ಟೆಂಬರ್ ಕೊನೆಯಲ್ಲಿ ಚೀನೀ ಸೆರೆಯಾಳುಗಳು ನಮ್ಮ ಮೇಜರ್ ಒಬ್ಬರನ್ನು ಆವರಣದೊಳಗೆ ಹಿಡಿದಿಟ್ಟುಕೊಂಡರು. ಥೋರಾಟರು ನಿರಾಯುಧರಾಗಿ ಒಳಹೊಕ್ಕು, ಕೂಗಾಡುವ ಗುಂಪಿನ ನಡುವೆ ನಿಂತು ಮಾತನಾಡಿ, ಆ ಅಧಿಕಾರಿಯನ್ನು ಬಿಡಿಸಿ ತಂದರು. ಸಂಯಮಕ್ಕೂ ಮಿತಿಯುಂಟು. ಅಕ್ಟೋಬರ್ ಮೊದಲ ದಿನಗಳಲ್ಲಿ ಆವರಣ ಒಡೆದು ನುಗ್ಗಿದವರ ಮೇಲೆ ಕಾವಲುಗಾರರು ಗುಂಡು ಹಾರಿಸಿದ ಸಂದರ್ಭಗಳೂ ಬಂದವು. ಸೆರೆಯಾಳುಗಳಲ್ಲಿ ಸಾವುಗಳೂ ಆದವು. ಇದನ್ನು ಮರೆಮಾಚಿ ತಿಮ್ಮಯ್ಯನವರನ್ನು ಹೊಗಳಬೇಕಾಗಿಲ್ಲ.

ನಿಜವಾದ ಪರೀಕ್ಷೆ ಬಂದುದು ಅನಂತರ. ಒಪ್ಪಂದದಂತೆ ತೊಂಬತ್ತು ದಿನಗಳ ಕಾಲ ಎರಡು ಪಕ್ಷದ ಪ್ರತಿನಿಧಿಗಳಿಗೂ ತಮ್ಮ ತಮ್ಮ ಸೆರೆಯಾಳುಗಳೊಡನೆ ಮಾತನಾಡಿ, ಊರಿಗೆ ಬನ್ನಿ ಎಂದು ವಿವರಿಸುವ ಅವಕಾಶವಿತ್ತು. ಸೆರೆಯಾಳುಗಳ ಮುಖಂಡರು ಯಾರನ್ನೂ ಹೊರಕ್ಕೆ ಬಿಡಲಿಲ್ಲ. ಬಂದೂಕು ತೋರಿಸಿಯಾದರೂ ಅವರನ್ನು ಎಳೆದು ತನ್ನಿ, ಮುಖಂಡರಿಂದ ಬೇರ್ಪಡಿಸಿ ಎಂದು ಪೋಲೆಂಡ್, ಚೆಕೊಸ್ಲೊವಾಕಿಯಗಳ ಸದಸ್ಯರು ಒತ್ತಾಯಿಸಿದರು. ಬಲಪ್ರಯೋಗ ಕೂಡದೆಂದು ಸ್ವಿಸ್ ಮತ್ತು ಸ್ವೀಡಿಷ್ ಸದಸ್ಯರು ಪಟ್ಟುಹಿಡಿದರು. ಇಬ್ಬರು ಆ ಕಡೆ, ಇಬ್ಬರು ಈ ಕಡೆ, ನಡುವೆ ಅಧ್ಯಕ್ಷ. ನಿರ್ಣಯದ ಭಾರವೆಲ್ಲ ಮಡಿಕೇರಿಯ ಈ ಸೈನಿಕನ ಮೇಲೆ ಬಿದ್ದಿತು.

ತಿಮ್ಮಯ್ಯನವರು ಬಲವನ್ನು ಬಳಸಲಿಲ್ಲ. ಸಾವಿರಾರು ಜನ ಒತ್ತೊತ್ತಾಗಿ ತುಂಬಿದ ಆವರಣಗಳಿಗೆ ಬಂದೂಕು ಹಿಡಿದು ನುಗ್ಗಿದರೆ ನೂರಾರು ಹೆಣಗಳು ಬೀಳುವುದು ಖಂಡಿತವಾಗಿತ್ತು. ಒಬ್ಬ ಮನುಷ್ಯನ ಇಚ್ಛೆ ಏನೆಂದು ತಿಳಿಯಲು ಅವನನ್ನು ಕೊಲ್ಲುವುದು ಎಂಥ ವಿಚಾರಣೆ? ಇದರ ಬೆಲೆಯೂ ಅವರಿಗೆ ಗೊತ್ತಿತ್ತು. ತೊಂಬತ್ತು ದಿನಗಳಲ್ಲಿ ವಿವರಣೆ ನಡೆದುದು ಹತ್ತು ದಿನ ಮಾತ್ರ. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚಿನ ಸೆರೆಯಾಳುಗಳಲ್ಲಿ ಅದನ್ನು ಕೇಳಿದವರು ಸುಮಾರು ಮೂರು ಸಾವಿರ. ಹೊರಗೆ ಬರಲು ಧೈರ್ಯವಿಲ್ಲದೆ, ಮನೆಯ ನೆನಪನ್ನು ಗಂಟಲಲ್ಲೇ ನುಂಗಿಕೊಂಡು ಉಳಿದವರು ಎಷ್ಟು ಮಂದಿಯೋ! ಕೈ ತಡೆದವನಿಗೆ ಆ ಮೂಕರ ಋಣವೂ ಅಂಟುತ್ತದೆ. ಕೈ ಎತ್ತಿದ್ದರೆ ಸತ್ತವರ ಋಣ ಅಂಟುತ್ತಿತ್ತು. ಎರಡರಲ್ಲಿ ಒಂದನ್ನು ಹೊರಲೇಬೇಕಾಗಿತ್ತು. ಅವರು ಮೊದಲನೆಯದನ್ನು ಹೊತ್ತರು.

ಡಿಸೆಂಬರ್ 23ಕ್ಕೆ ಅವಧಿ ಮುಗಿಯಿತು. ಉಳಿದವರ ಭವಿಷ್ಯವನ್ನು ನಿರ್ಣಯಿಸಬೇಕಾಗಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಅವರನ್ನು ಸ್ವತಂತ್ರರೆಂದು ಸಾರಿ ಎಂದು ಅಮೆರಿಕನ್ನರು. ಸಮ್ಮೇಳನವಾಗುವವರೆಗೆ ಹಿಡಿದಿಡಿ ಎಂದು ಚೀನೀಯರು. ತಿಮ್ಮಯ್ಯನವರು ಎರಡನ್ನೂ ಮಾಡಲಿಲ್ಲ. ನಮಗೆ ವಹಿಸಿದ ಕೆಲಸ ಪೂರ್ಣವಾಗಿಲ್ಲ, ಸ್ವತಂತ್ರರೆಂದು ಸಾರುವ ಅಧಿಕಾರ ನಮಗಿಲ್ಲ, ಬಲದಿಂದ ಹಿಡಿದಿಡುವ ಮನಸ್ಸೂ ಇಲ್ಲ ಎಂಬುದು ಅವರ ನಿಲುವಿನ ತಾತ್ಪರ್ಯ. 1954ರ ಜನವರಿ 20ರಂದು ಸೆರೆಯಾಳುಗಳನ್ನು ಮೊದಲು ಯಾರ ವಶದಲ್ಲಿದ್ದರೋ ಅವರಿಗೇ ಮರಳಿ ಒಪ್ಪಿಸತೊಡಗಿದರು. ಎರಡು ಪಕ್ಷಗಳೂ ಸಿಡಿಮಿಡಿಗೊಂಡವು. ಹದಿನಾಲ್ಕು ಸಾವಿರ ಮಂದಿ ಚೀನೀಯರು ತೈವಾನಿಗೆ ಹೋದರು. ಯಾವ ಪಕ್ಷವೂ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಮಂದಿ ಕಾವಲಿದ್ದ ಸೈನಿಕರ ಜೊತೆಯಲ್ಲಿಯೇ ಭಾರತಕ್ಕೆ ಬಂದರು. ಮೊದಲ ತಿಂಗಳಲ್ಲಿ ಕಲ್ಲೆಸೆತವನ್ನು ಕಂಡ ಕಾವಲುಗಾರರ ನಾಡನ್ನೇ ಈ ಕೆಲವರು ಆಶ್ರಯವೆಂದು ಆರಿಸಿಕೊಂಡರು. ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಯಾವುದು ಬೇಕು? ಸರ್ಕಾರ ಆ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣವನ್ನು ನೀಡಿತು. ಕೊರಿಯದ ಅನುಭವವನ್ನು ಕುರಿತು ಅವರು ಬರೆದ ಪುಸ್ತಕ ಬೆಳಕು ಕಂಡುದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1981ರಲ್ಲಿ.

1957ರ ಮೇ ತಿಂಗಳಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ಅದೇ ವರ್ಷ ಕೊರಿಯದ ಸೂತ್ರವನ್ನು ಮಂಡಿಸಿದ್ದ ಕೃಷ್ಣ ಮೆನನ್ ಅವರು ರಕ್ಷಣಾ ಮಂತ್ರಿಗಳಾದರು. ಒಬ್ಬರ ಬುದ್ಧಿಯಿಂದ ಹೊರಟ ಯೋಜನೆಯನ್ನು ಇನ್ನೊಬ್ಬರು ಪ್ರಾಣಸಂಕಟಪಟ್ಟು ನಡೆಸಿದ್ದರು. ಇಂಥ ಇಬ್ಬರು ದೆಹಲಿಯಲ್ಲಿ ಒಂದಾಗಿ ನಡೆಯಲಾರದೆ ಹೋದುದು ನಮ್ಮ ಇತಿಹಾಸದ ದುರ್ದೈವಗಳಲ್ಲಿ ಒಂದು. ಉತ್ತರದ ಗಡಿಯಲ್ಲಿ ಚೀನದ ಭಯ ಬೆಳೆಯುತ್ತಿತ್ತು. ಹಿರಿಯ ಅಧಿಕಾರಿಗಳ ಬಡ್ತಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ತೀವ್ರವಾಯಿತು. ವಿವಾದದ ಕೇಂದ್ರದಲ್ಲಿದ್ದ ಬಡ್ತಿ ಬಿ.ಎಂ. ಕೌಲ್ ಅವರದು, ಕೊರಿಯದಲ್ಲಿ ತಿಮ್ಮಯ್ಯನವರ ಕೈಕೆಳಗೇ ಕೆಲಸಮಾಡಿದ್ದ ಅಧಿಕಾರಿ. 1959ರ ಆಗಸ್ಟ್ 25ರಂದು ಲೊಂಗ್‌ಜುವಿನಲ್ಲಿ ಚೀನೀ ಸೈನಿಕರೊಡನೆ ಘರ್ಷಣೆ ನಡೆಯಿತು. 31ರಂದು ತಿಮ್ಮಯ್ಯನವರು ಪ್ರಧಾನಿ ನೆಹರೂ ಅವರಿಗೆ ರಾಜೀನಾಮೆಯ ಪತ್ರವನ್ನು ಕಳುಹಿಸಿದರು.

ಮುಂದಿನದು ಎಲ್ಲರಿಗೂ ತಿಳಿದ ಕಥೆ. ನೆಹರೂ ಅವರು ಕರೆಸಿ ಮಾತನಾಡಿದರು, ಹಿಂತೆಗೆದುಕೊಳ್ಳುವಂತೆ ಒಡಂಬಡಿಸಿದರು. ತಿಮ್ಮಯ್ಯನವರು ಹಿಂತೆಗೆದುಕೊಂಡರು. ಸುದ್ದಿ ಪತ್ರಿಕೆಗಳಿಗೆ ಸಿಕ್ಕಿ ದೇಶವೆಲ್ಲ ಗುಲ್ಲೆದ್ದಿತು. ಸೆಪ್ಟೆಂಬರ್ 2ರಂದು ಪ್ರಧಾನಿಗಳು ಲೋಕಸಭೆಯಲ್ಲಿ, ನಾಗರಿಕ ಅಧಿಕಾರವೇ ಪರಮವೆಂದು ಸ್ಪಷ್ಟಪಡಿಸಿ, ಮನೋಧರ್ಮಗಳ ಭೇದದಿಂದ ಎದ್ದ ಕ್ಷುಲ್ಲಕ ವಿವಾದವಿದೆಂಬ ಧಾಟಿಯಲ್ಲಿ ಮಾತನಾಡಿದರು. ಮಾತು ಹಿಂತೆಗೆದುಕೊಂಡ ಸೇನಾಪತಿ ಸಭೆಯ ಮುಂದೆ ಸಣ್ಣವನಾಗಿ ಕಂಡ. ಇನ್ನೂ ಇಪ್ಪತ್ತು ತಿಂಗಳು ಅವರು ಆ ಸ್ಥಾನದಲ್ಲಿದ್ದು, 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಮುಂದಿನ ವರ್ಷದ ಅಕ್ಟೋಬರಿನಲ್ಲಿ ಚೀನದ ಆಕ್ರಮಣ ನಡೆದಾಗ ಈಶಾನ್ಯದ ಮುಂಚೂಣಿಯ ಸೇನೆಯನ್ನು ನಡೆಸುತ್ತಿದ್ದವರು ಕೌಲ್ ಅವರೇ.

ಕೈ ತಡೆಯುವುದಕ್ಕೂ ಕೈಚೆಲ್ಲುವುದಕ್ಕೂ ನಡುವೆ ಇರುವ ಗೆರೆ ಬಲು ಸಣ್ಣದು. 1959ರಲ್ಲಿ ತಿಮ್ಮಯ್ಯನವರು ಆ ಗೆರೆಯ ಯಾವ ಕಡೆಗಿದ್ದರು? ಪಟ್ಟುಹಿಡಿದು ಹೊರಬಂದಿದ್ದರೆ ದೇಶ ಎಚ್ಚರಗೊಳ್ಳುತ್ತಿತ್ತು, 1962ರ ದುರಂತ ತಪ್ಪುತ್ತಿತ್ತು ಎಂದು ವಾದಿಸುವವರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ರಾಜೀನಾಮೆಯನ್ನು ಕೊಟ್ಟು ಹಿಂತೆಗೆದುಕೊಂಡುದರಿಂದ, ಕೊಡದೆ ಇದ್ದಿದ್ದರೆ ಉಳಿಯುತ್ತಿದ್ದ ತೂಕವೂ ಹೋಯಿತು, ಕೊಟ್ಟು ನಿಂತಿದ್ದರೆ ಬರುತ್ತಿದ್ದ ಬಲವೂ ಬರಲಿಲ್ಲ.

ಆದರೆ ಅಂದಿನ ಕಾಲವನ್ನು ಸ್ವಲ್ಪ ನೆನೆಯಬೇಕು. ಅದಕ್ಕೆ ಹನ್ನೊಂದು ತಿಂಗಳ ಹಿಂದೆ, 1958ರ ಅಕ್ಟೋಬರಿನಲ್ಲಿ, ನೆರೆಯ ಪಾಕಿಸ್ತಾನದಲ್ಲಿ ಸೇನಾಪತಿಯೊಬ್ಬರು ರಾಜ್ಯಾಧಿಕಾರವನ್ನೇ ಕೈಗೆ ತೆಗೆದುಕೊಂಡಿದ್ದರು. ಅವರು ಬೇರೆ ಯಾರೂ ಅಲ್ಲ, ಪಂಜಾಬಿನ ಗಡಿಪಡೆಯಲ್ಲಿ ತಿಮ್ಮಯ್ಯನವರಂತೆಯೇ ಸಲಹೆಗಾರರಾಗಿದ್ದ ಅಯೂಬ್ ಖಾನ್. ಇಬ್ಬರೂ ಸ್ಯಾಂಡ್‌ಹರ್ಸ್ಟಿನಲ್ಲಿ ಕಲಿತವರು, ಇಬ್ಬರೂ ಒಂದೇ ಹಳೆಯ ಸೇನೆಯಲ್ಲಿ ಬೆಳೆದವರು. ಮಂತ್ರಿಗಳೊಡನೆ ಸರಿಹೋಗದಿದ್ದಾಗ ಒಬ್ಬರು ಮಂತ್ರಿಗಳನ್ನೇ ಕಳುಹಿಸಿಬಿಟ್ಟರು. ಇನ್ನೊಬ್ಬರು ತಾವು ಹೋಗುತ್ತೇನೆಂದು ಕಾಗದ ಬರೆದರು. ಬೇಡವೆಂದಾಗ ಅವಮಾನವನ್ನು ನುಂಗಿಕೊಂಡು ಉಳಿದರು. ಸೈನಿಕರ ಪ್ರೀತಿಯೂ ಜನರ ಮೆಚ್ಚುಗೆಯೂ ತಿಮ್ಮಯ್ಯನವರಿಗೆ ಧಾರಾಳವಾಗಿದ್ದವು. ಆ ಬಲವನ್ನು ಸರ್ಕಾರದ ಎದುರು ತೂಗಿ ತೋರಿಸುವ ಯೋಚನೆಯೇ ಅವರಿಗೆ ಬರಲಿಲ್ಲ. ತಮ್ಮ ಹೆಸರಿಗೆ ಹಾನಿಯಾಯಿತು ನಿಜ, ಆದರೆ ಗಣರಾಜ್ಯದ ಒಂದು ಮರ್ಯಾದೆ ಉಳಿಯಿತು. ಹೀಗೆ ನೋಡಿದಾಗ ಅವರು ಗೆರೆಯ ಈಚೆಯಲ್ಲಿಯೇ ಇದ್ದರೆಂದು ನನಗೆ ತೋರುತ್ತದೆ. ಬೇರೆ ರೀತಿ ತೋರುವವರೊಡನೆ ಜಗಳವಿಲ್ಲ.

ನಿವೃತ್ತರಾದ ಮೇಲೆ, ಚೀನದ ಯುದ್ಧಕ್ಕೆ ಕೆಲವೇ ತಿಂಗಳ ಮುಂಚೆ, 1962ರ ಜುಲೈ ತಿಂಗಳ 'ಸೆಮಿನಾರ್' ಪತ್ರಿಕೆಯಲ್ಲಿ ಅವರೊಂದು ಲೇಖನ ಬರೆದರು. ಭಾರತ ತಾನೊಬ್ಬನೇ ಚೀನದೊಡನೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾನು ಊಹಿಸಲಾರೆ, ನಮ್ಮ ಭದ್ರತೆಯನ್ನು ಕಾಪಾಡುವ ಹೊಣೆ ರಾಜಕಾರಣಿಗಳ ಮತ್ತು ರಾಯಭಾರಿಗಳ ಮೇಲಿದೆ ಎಂಬುದು ಅದರ ಸಾರ. ಜೋಜಿ ಲಾ ದಾಟಿದವನ ಬಾಯಿಂದ ಬಂದ ಈ ಮಾತನ್ನು ಹೇಡಿತನವೆಂದು ಯಾರೂ ಹೇಳಲಾರರು. ಬಲ ಎಲ್ಲಿಯವರೆಗೆ ಸಾಗುತ್ತದೆಂದು ಬಲ್ಲವನ ಮಾತು ಅದು. ಕೇಳಬೇಕಾದವರು ಕೇಳಲಿಲ್ಲ.

ಕೊನೆಯ ಕರೆ ವಿಶ್ವಸಂಸ್ಥೆಯಿಂದ ಬಂದಿತು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಗ್ರೀಕರೂ ತುರ್ಕರೂ ಒಬ್ಬರನ್ನೊಬ್ಬರು ಕೊಲ್ಲತೊಡಗಿದ್ದರು. ಅಲ್ಲಿನ ಶಾಂತಿಪಾಲನಾ ಪಡೆಯ ಮೊದಲ ನಾಯಕರೂ ಭಾರತೀಯರೇ, ಜನರಲ್ ಗ್ಯಾನಿ. 1964ರ ಜುಲೈಯಲ್ಲಿ ತಿಮ್ಮಯ್ಯನವರು ಆ ಸ್ಥಾನಕ್ಕೆ ಬಂದರು. ಅವರು ಬಂದ ಮರುತಿಂಗಳೇ ಕೊಕ್ಕಿನಾ ಪ್ರದೇಶದಲ್ಲಿ ಹೋರಾಟ ಭುಗಿಲೆದ್ದು, ತುರ್ಕಿಯ ವಿಮಾನಗಳು ಬಾಂಬು ಸುರಿದವು; ದೊಡ್ಡ ಯುದ್ಧವೇ ಆಗಬಹುದಾಗಿದ್ದುದು ಕದನವಿರಾಮದಲ್ಲಿ ನಿಂತಿತು. ವಿಶ್ವಸಂಸ್ಥೆಯ ಸೈನಿಕರು ಆತ್ಮರಕ್ಷಣೆಗೆ ಹೊರತು ಆಯುಧವನ್ನು ಬಳಸುವಂತಿರಲಿಲ್ಲ. ನಡುವೆ ನಿಲ್ಲುವುದು, ಇಬ್ಬರ ಮಾತನ್ನೂ ಕೇಳುವುದು, ಇಬ್ಬರಿಂದಲೂ ಬೈಸಿಕೊಳ್ಳುವುದು ಕೊರಿಯದಲ್ಲಿ ಪಳಗಿದವರಿಗೆ ಹೊಸದಾಗಿರಲಿಲ್ಲ. ಆ ಕೆಲಸದಲ್ಲಿರುವಾಗಲೇ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ ಅವರು ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದರು.

ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಆ ದೇಶಕ್ಕೆ ತಿಮ್ಮಯ್ಯನವರು ಯಾವ ಯುದ್ಧವನ್ನೂ ಗೆದ್ದುಕೊಟ್ಟಿರಲಿಲ್ಲ. ಬೆಂಗಳೂರಿನ ರಿಚ್‌ಮಂಡ್ ರಸ್ತೆಗೆ ಅವರ ಹೆಸರಿದೆ. ಮಡಿಕೇರಿಯಲ್ಲಿ ಅವರು ಬಾಲ್ಯವನ್ನು ಕಳೆದ 'ಸನ್ನಿ ಸೈಡ್' ಎಂಬ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದನ್ನು ನೋಡಲು ಹೋಗುವ ಮಕ್ಕಳಿಗೆ ಜೋಜಿ ಲಾ ಕಥೆಯನ್ನು ಹೇಳುವುದು ಸುಲಭ. ಹಿಮವಿದೆ, ಟ್ಯಾಂಕಿದೆ, ಸಾಹಸವಿದೆ. ಹಿಂದ್ ನಗರದ ಕಥೆಯನ್ನು ಹೇಳುವುದು ಅಷ್ಟು ಸುಲಭವಲ್ಲ. ಅಲ್ಲಿ ಬಂದೂಕುಗಳಿದ್ದವು, ಅವುಗಳನ್ನು ಹಿಡಿದ ಕೈಗಳಿದ್ದವು, ಹಾರಿಸಿ ಎಂಬ ಒತ್ತಾಯವಿತ್ತು. ಬೇಡವೆಂದ ಒಬ್ಬ ಮನುಷ್ಯನಿದ್ದ. ಕೋವಿಯನ್ನು ಕನ್ನಿಕೊಂಬರೆಯಲ್ಲಿಟ್ಟು ಗದ್ದೆಗಿಳಿಯುತ್ತಿದ್ದ ನಾಡಿನ ಮಕ್ಕಳಿಗಾದರೂ ಆ ಕಥೆ ಅರ್ಥವಾಗದೆ ಹೋಗಲಾರದು.